ಬೆಟ್ಟದ ಬುಡದ ಸಿಪಾಯಿಗೆ ಸಾಮಾನು ಹೊರೋ ವ್ಯವಸ್ಥೆ: ಹಸುಬೆ, ಕಂಬಳಿ, ತೋಟಾ ಪೆಟ್ಟಿಗೆ

ಹಳೇ ಕಾಲದ ಯುದ್ಧದ ರೀಎನಾಕ್ಟ್‌ಮೆಂಟ್ (ಆ ಕಾಲದ ವೇಷ ಹಾಕಿ ಯುದ್ಧವನ್ನ ಮತ್ತೆ ಆಡಿ ತೋರಿಸೋದು) ಅಂದ್ರೆ ಎಲ್ಲರೂ ಮೊದಲು ಕೇಳೋದು ಬಟ್ಟೆ ಯಾವುದು, ಪೇಟ ಹೆಂಗೆ ಸುತ್ತಿದ್ರಿ, ಬಂದೂಕು ಎಲ್ಲಿ ಮಾಡಿಸಿದ್ರಿ ಅಂತ. ಸಾಮಾನು ಹೆಂಗೆ ಹೊತ್ಕೊಂಡು ಹೋಗ್ತೀರಿ ಅಂತ ಯಾರೂ ಕೇಳಲ್ಲ. ಆದ್ರೆ ಬೆಳಿಗ್ಗೆ ಆರಕ್ಕೆ ಶುರುಮಾಡಿ ಸಂಜೆವರೆಗೂ ಆ ವೇಷದಲ್ಲೇ ನಡೆದು, ಬಗ್ಗಿ, ಓಡಿ, ಕೂತು, ಮಲಗಿ ಏಳೋರಿಗೆ ಅದೇ ದೊಡ್ಡ ಪ್ರಶ್ನೆ. ನೀರು ಯಾವ ಕೈಗೆ ಸಿಗುತ್ತೆ, ಬುತ್ತಿ ಎಲ್ಲಿದೆ, ಬಂದೂಕು ಎತ್ತಿದಾಗ ಹೆಗಲ ಮೇಲೆ ಏನು ಅಡ್ಡ ಬರುತ್ತೆ, ಮೊಬೈಲ್ ಎಲ್ಲಿ ಬಚ್ಚಿಡೋದು, ಇವೆಲ್ಲ ಸರಿ ಇಲ್ಲ ಅಂದ್ರೆ ಎಷ್ಟೇ ಚೆನ್ನಾಗಿ ಹೊಲಿಸಿದ ಅಂಗಿ ಆದ್ರೂ ಹತ್ತು ಗಂಟೆಗೆಲ್ಲ ಬೇಜಾರು ಹಿಡಿಸುತ್ತೆ.

ನಮ್ಮದು ಚಿಕ್ಕಬಳ್ಳಾಪುರದ ಸುತ್ತಮುತ್ತಲಿನ ಹುಡುಗರು ಸೇರಿರೋ ಸಣ್ಣ ಗುಂಪು. ಹೆಸರು, ಬ್ಯಾನರ್ ಏನೂ ಇಲ್ಲ. 1791ರ ನಂದಿದುರ್ಗದ ಮುತ್ತಿಗೆ ನಮ್ಮ ವಿಷಯ, ಯಾಕಂದ್ರೆ ಅದು ನಮ್ಮ ಮನೆ ಮಾಳಿಗೆ ಮೇಲೆ ನಿಂತ್ರೆ ಕಾಣೋ ಬೆಟ್ಟ. ಮೂರನೇ ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೇನೆ ಈ ಕೋಟೆಗೆ ಮುತ್ತಿಗೆ ಹಾಕಿ, ಬೆಟ್ಟದ ಮೈಯಲ್ಲಿ ದಾರಿ ಕಡಿದು ಫಿರಂಗಿ ಮೇಲೆ ಎಳೆಸಿ, ವಾರಗಟ್ಟಲೆ ಗೋಡೆ ಒಡೆದು, ಕೊನೆಗೆ ಅಕ್ಟೋಬರ್ 18ರ ರಾತ್ರಿ ಲಗ್ಗೆ ಹತ್ತಿ 19ಕ್ಕೆ ಕೋಟೆ ತಗೊಂಡ್ರು. ಮೇಲಿಂದ ಟಿಪ್ಪು ಕಡೆಯವರು ಬಂಡೆ ಉರುಳಿಸ್ತಾ ಇದ್ರು. ಆ ಇಳಿಜಾರನ್ನ ಒಮ್ಮೆ ನೋಡಿದವರಿಗೆ ಗೊತ್ತಾಗುತ್ತೆ, ಅಲ್ಲಿ ಮೈಮೇಲೆ ಒಂದು ಸೇರು ಹೆಚ್ಚು ಭಾರ ಇದ್ರೂ ಅದು ಸಣ್ಣ ವಿಷಯ ಅಲ್ಲ.

ಮೇಲಿನ ಕೋಟೆಯೊಳಗೆ ಇಂಥದ್ದೆಲ್ಲ ಮಾಡ್ಬೇಕು ಅಂದ್ರೆ ಅನುಮತಿ ಬೇಕು, ಜನಜಂಗುಳಿ ಬೇರೆ, ಹಾಗಾಗಿ ನಾವು ಬುಡದಲ್ಲಿ ಗೊತ್ತಿರೋರ ಮಾವಿನ ತೋಪಿನಲ್ಲಿ ಪಾಳೆಯ ಹಾಕ್ತೀವಿ. ಬಂದೂಕು ಎಲ್ಲ ಮರದ್ದೇ, ಮದ್ದು ಪಟಾಕಿ ಏನೂ ಇಲ್ಲ, ಆದ್ರೂ ಸ್ಟೇಷನ್‌ಗೆ ಮುಂಚೆನೇ ಹೇಳಿರ್ತೀವಿ. ತೂಕ ಮಾತ್ರ ಸರಿಯಾಗಿ ಇರಬೇಕು ಅನ್ನೋದು ನಮ್ಮ ಹಟ. ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕು ಹತ್ತಿರತ್ರ ನಾಲ್ಕೂವರೆ ಕೆಜಿ ಬರುತ್ತೆ, ಅಷ್ಟೇ ಬರೋ ಹಾಗೆ ಮರದೊಳಗೆ ಕಬ್ಬಿಣದ ಪೈಪ್ ಹಾಕಿ ಮಾಡಿಸಿದೀವಿ.

ಈಗ ವಿಷಯಕ್ಕೆ ಬರ್ತೀನಿ. ಹೋದ ಸಲದವರೆಗೂ ನಮ್ಮಲ್ಲಿ ಅರ್ಧ ಜನ ಟ್ರೆಕ್ಕಿಂಗ್ ಬ್ಯಾಗ್ ಹಾಕ್ಕೊಂಡು ಅದರ ಮೇಲೆ ಗೋಣಿಚೀಲ ಸುತ್ತಿ ಮುಚ್ಚಿ ಬರ್ತಿದ್ರು. ನೋಡೋಕೆ ದೂರದಿಂದ ಪರವಾಗಿಲ್ಲ. ಆದ್ರೆ ಅದರಲ್ಲಿ ಎರಡು ತೊಂದರೆ. ಒಂದು, ಬ್ಯಾಗ್ ಇದೆ ಅಂತ ಎಲ್ಲ ತುಂಬಿಸ್ತೀವಿ, ಆ ಕಾಲದ ಸಿಪಾಯಿ ಮೈಮೇಲೆ ಯಾವತ್ತೂ ಇಲ್ಲದಷ್ಟು ಸಾಮಾನು ಆಗುತ್ತೆ. ಎರಡು, ಬೆನ್ನ ಮೇಲಿನ ಬ್ಯಾಗಿಂದ ಏನು ತೆಗೀಬೇಕಾದ್ರೂ ಪೂರ್ತಿ ಇಳಿಸಬೇಕು, ಸಾಲಲ್ಲಿ ನಿಂತಾಗ ಅದು ಆಗೋ ಕೆಲಸ ಅಲ್ಲ, ಅದಕ್ಕೆ ಜನ ನೀರೇ ಕುಡಿಯಲ್ಲ, ಮಧ್ಯಾಹ್ನಕ್ಕೆ ತಲೆ ಹಿಡ್ಕೊಂಡು ಮರದ ಕೆಳಗೆ ಕೂತಿರ್ತಾರೆ.

ಆ ಕಾಲದ ಸೇನೆ ಸಾಮಾನು ಹೊತ್ತಿದ್ದು ಎತ್ತಿನ ಮೇಲೆ. ಇದು ಓದ್ತಾ ಓದ್ತಾ ನಂಗೆ ಮನಸ್ಸಿಗೆ ನಾಟಿದ ವಿಷಯ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ಅಲ್ಲಿ ಕಾಳಗದಲ್ಲೂ ಮೇಲುಗೈ ಆಗಿ, ಆದ್ರೂ ವಾಪಸ್ ಬರಬೇಕಾಯ್ತು, ಯಾಕಂದ್ರೆ ಎತ್ತುಗಳು ಸತ್ತು ಹೋಗಿದ್ವು, ಅಕ್ಕಿ ಮುಗಿದಿತ್ತು, ದೊಡ್ಡ ಫಿರಂಗಿಗಳನ್ನ ಎಳೆಯೋಕೆ ಏನೂ ಉಳಿದಿರಲಿಲ್ಲ ಅಂತ ತಾವೇ ಒಡೆದು ಹಾಕಿ ಬಂದ್ರು. ಅದಾದ ಮೇಲೆ ಮುಂದಿನ ದಂಡಯಾತ್ರೆಗೆ ಬಂಜಾರರ ಹೇರೆತ್ತುಗಳನ್ನ ನಂಬ್ಕೊಂಡ್ರು, ಸಾವಿರಾರು ಎತ್ತಿನ ಮೇಲೆ ಧಾನ್ಯ. ಮೈಸೂರು ಕಡೆ ನೋಡಿದ್ರೆ ಅರಮನೆಯ ಬೆಣ್ಣೆ ಚಾವಡಿ ದನಗಳನ್ನ ಹೈದರ್ ದಂಡಿನ ಕೆಲಸಕ್ಕೆ ತಂದ, ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ, ಅವನ ಸೇನೆಯ ವೇಗ ಇದ್ದಿದ್ದೇ ಆ ಎತ್ತುಗಳ ಕಾಲಲ್ಲಿ. ಅಂದ್ರೆ ಸಿಪಾಯಿ ಮೈಮೇಲೆ ಇರಬೇಕಾಗಿದ್ದು ಇವತ್ತು ಮಧ್ಯಾಹ್ನದವರೆಗೆ ಬೇಕಾದ್ದು ಮಾತ್ರ. ಉಳಿದದ್ದು ಹಿಂದೆ ಬರುತ್ತೆ.

ಹಾಗಾಗಿ ನಾವು ಕೂತು ಮಾತಾಡಿ ಒಂದು ನಿಯಮ ಮಾಡ್ಕೊಂಡ್ವಿ. ನಡೀತಾ ನಡೀತಾ ಕೈಗೆ ಬೇಕಾಗಿರೋದು ಮೈಮೇಲೆ. ಕೂತಾಗ ಬೇಕಾಗಿರೋದು ಹೆಗಲ ಮೇಲೆ. ರಾತ್ರಿಗೆ ಬೇಕಾಗಿರೋದು ಗಾಡಿಗೆ. ಮರದ ಚಕ್ರದ ಎತ್ತಿನ ಗಾಡಿ ಈಗ ಸಿಗೋದು ಬಲು ಕಷ್ಟ, ಸಿಗೋದೆಲ್ಲ ಟೈರ್ ಗಾಡಿ, ಅದಕ್ಕೆ ತೋಪಿನ ಬೇಲಿವರೆಗೂ ಟಾಟಾ ಏಸ್, ಅಲ್ಲಿಂದ ಒಳಗೆ ಬಿದಿರಿನ ಅಡ್ಡೆಗೆ ಗಂಟು ಕಟ್ಟಿ ಇಬ್ಬಿಬ್ಬರು ಹೊತ್ಕೊಂಡು ಹೋಗೋದು. ಹಂಡೆ, ಅಕ್ಕಿ ಮೂಟೆ, ಡೇರೆ ಬಟ್ಟೆ ಎಲ್ಲ ಹಾಗೇ. ಪಾತ್ರೆ ಹೊರೋರಿಗೆ ತಲೆ ಮೇಲೆ ಸಿಂಬೆ. ಇದರ ಬಗ್ಗೆ ಇಷ್ಟು ಸಾಕು, ನಾನು ಕೈಯಾರೆ ಮಾಡಿದ್ದು ಉಳಿದ ಎರಡು.

ನನ್ನ ಪಾತ್ರ ಕಂದಾಚಾರದ ಸಿಪಾಯಿ. ಕಂದಾಚಾರ ಅಂದ್ರೆ ಮೈಸೂರಿನ ಊರೂರಿನ ಕಾವಲು ಪಡೆ, ಹೊಲ ಉಳೋ ಮನೆಗಳಿಂದ ಬಂದ ಜನ. ಹುಲಿ ಪಟ್ಟೆ ಅಂಗಿ ಹಾಕಿದ ಟಿಪ್ಪು ಖಾಸಾ ಪಡೆ ಪಾತ್ರ ಮಾಡೋಕೆ ಎಲ್ಲರಿಗೂ ಆಸೆ, ಆದ್ರೆ ನಂಗೆ ಇದೇ ಇಷ್ಟ, ಯಾಕಂದ್ರೆ ಇವನ ಮೈಮೇಲೆ ಇರೋದೆಲ್ಲ ಮನೆಯಿಂದ ತಂದಿದ್ದು ಅಂತ ಇಟ್ಕೊಂಡ್ರೆ ನಮ್ಮ ಸೀಮೆಯ ಹಸುಬೆ, ಕಂಬಳಿ, ಸೋರೆ ಬುರುಡೆ ಎಲ್ಲಕ್ಕೂ ಜಾಗ ಇದೆ. ಚಿಂತಾಮಣಿ ಕಡೆಯ ನಮ್ಮ ಗೆಳೆಯ ಮಾತ್ರ ಮದ್ರಾಸ್ ಸಿಪಾಯಿ, ಕಂಪನಿ ಕಡೆ. ಅವನಿಗೆ ಬೇಕಾಗಿದ್ದು ತೋಟಾ ಪೆಟ್ಟಿಗೆ, ಅಂದ್ರೆ ಬಂದೂಕಿನ ಗುಂಡು ಮದ್ದು ಇಡೋ ಪೆಟ್ಟಿಗೆ.

ಮೊದಲು ಹಸುಬೆ. ನೋಡದೇ ಇರೋರಿಗೆ ಹೇಳ್ತೀನಿ, ಅದು ಎರಡೂ ತುದಿ ಮುಚ್ಚಿದ ಉದ್ದ ಚೀಲ, ಬಾಯಿ ಮಧ್ಯದಲ್ಲಿ. ಹೆಗಲ ಮೇಲೆ ಹಾಕ್ಕೊಂಡ್ರೆ ಅರ್ಧ ಮುಂದೆ ಎದೆ ಹೊಟ್ಟೆ ಮೇಲೆ, ಅರ್ಧ ಹಿಂದೆ ಬೆನ್ನ ಮೇಲೆ. ಹಳೇ ವ್ಯಾಪಾರಿಗಳು, ಸಂತೆಗೆ ಹೋಗೋ ಜನ, ಎತ್ತಿನ ಬೆನ್ನಿಗೂ ಇದೇ ಆಕಾರ ದೊಡ್ಡದು ಮಾಡಿ ಹಾಕ್ತಿದ್ರು. ಇದರ ಚೆಂದ ಏನಂದ್ರೆ ಪಟ್ಟಿ ಇಲ್ಲ, ಬಕಲ್ ಇಲ್ಲ, ಭಾರ ಎರಡೂ ಕಡೆ ಸಮ ಆಗಿ ಬೆನ್ನು ಹಿಂದಕ್ಕೆ ಎಳೆಯಲ್ಲ, ಒಂದೇ ಕೈಯಲ್ಲಿ ಎತ್ತಿ ಬಿಸಾಕಬಹುದು.

ಬಟ್ಟೆ ಖಾದಿ ಅಂಗಡಿಯಲ್ಲಿ ಸಿಗೋ ದಪ್ಪ ಹತ್ತಿದು. ಕತ್ತರಿಸೋಕೆ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಕುಕ್ಕಿ ಒಗೆದು, ಗಂಜಿ ಎಲ್ಲ ಹೋಗೋ ಹಾಗೆ ಹಿಂಡಿ ಒಣಗಿಸ್ಲೇಬೇಕು, ಖಾದಿ ಕುಗ್ಗುತ್ತೆ, ಹೊಲಿದ ಮೇಲೆ ಕುಗ್ಗಿದ್ರೆ ಹೊಲಿಗೆ ಎಲ್ಲ ಸುಕ್ಕು. ಒಣಗಿದ ಮೇಲೆ ಅಳಲೆಕಾಯಿ ಪುಡಿ ಕದಡಿದ ನೀರಲ್ಲಿ ಅದ್ದಿದೆ, ತಿಳಿ ಹಳದಿ ಕಂದು ಬಂತು, ಹೊಸ ಬಟ್ಟೆಯ ಬಿಳುಪು ಹೋಯ್ತು. ಅದರ ಮೇಲೆ ಕಬ್ಬಿಣದ ರಸ (ಅದನ್ನ ಮಾಡೋದು ಹೆಂಗೆ ಅಂತ ಮುಂದೆ ಹೇಳ್ತೀನಿ) ಹಾಕಿದ್ರೆ ಬೂದು ಕಪ್ಪು ಆಗುತ್ತೆ, ನೋಡೋಕೆ ತುಂಬಾ ಚೆನ್ನಾಗಿರುತ್ತೆ, ಆದ್ರೆ ಕಬ್ಬಿಣ ಕಾಲ ಕಳೆದ ಹಾಗೆ ಹತ್ತಿ ನೂಲನ್ನ ತಿನ್ನುತ್ತೆ, ಭಾರ ಹೊರೋ ಬಟ್ಟೆಗೆ ಅದು ಬೇಡ ಅಂತ ಅಲ್ಲಿಗೇ ನಿಲ್ಲಿಸಿದೆ.

ಅಳತೆಗೆ ಮೊದಲು ನನ್ನ ಮೈಯನ್ನೇ ಅಳೆದೆ. ಹೆಗಲಿಂದ ಸೊಂಟದ ಮೂಳೆವರೆಗೆ ಎಷ್ಟು ಬರುತ್ತೋ ಅದಕ್ಕಿಂತ ಹಸುಬೆಯ ಒಂದು ಕಡೆ ಉದ್ದ ಆಗಬಾರದು, ಉದ್ದ ಆದ್ರೆ ಕೂತಾಗ ತೊಡೆ ಮೇಲೆ ಗುದ್ದುತ್ತೆ, ನಡೆಯೋವಾಗ ತೂಗಾಡುತ್ತೆ. ನಂಗೆ ಒಂದು ಕಡೆಗೆ 60 ಸೆಂಟಿಮೀಟರ್ ಸರಿ ಬಂತು, ಅಂದ್ರೆ ಪೂರ್ತಿ ಉದ್ದ 120, ಅಗಲ ಹೊಲಿದ ಮೇಲೆ 32. ಬಟ್ಟೆಯನ್ನ ಉದ್ದಕ್ಕೆ ಮಡಚಿ, ಉದ್ದದ ಅಂಚನ್ನ ಹೊಲಿಯೋದು, ಮಧ್ಯದಲ್ಲಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಸುಮಾರು 28 ಸೆಂಟಿಮೀಟರ್, ಬಾಯಿಗೆ ಬಿಡೋದು. ಎರಡು ತುದಿ ಮುಚ್ಚೋದು. ಇಷ್ಟೇ ಹಸುಬೆ.

ಆದ್ರೆ ಹೊಲಿಗೆಯಲ್ಲಿ ವಿಷಯ ಇದೆ. ಮಷಿನ್‌ನಲ್ಲಿ ಹೊಲಿದ್ರೆ ಒಂದು ಗಂಟೆ ಕೆಲಸ, ಹತ್ತಿರ ಬಂದು ನೋಡಿದವರಿಗೆ ಗೊತ್ತಾಗುತ್ತೆ, ನಮಗೂ ಮನಸ್ಸಿಗೆ ಹಿಡಿಸಲ್ಲ, ಅದಕ್ಕೆ ಕೈಯಲ್ಲೇ ಹೊಲಿದೆ. ಮೊದಲು ಅಂಚು ಒಳಗೆ ಸೇರೋ ಹಾಗೆ ಒಂದು ಸಾಲು, ಆಮೇಲೆ ಅದನ್ನ ಮಗುಚಿ ಮಡಚಿ ಮೇಲಿಂದ ಇನ್ನೊಂದು ಸಾಲು, ಹಿಂಗೆ ಮಾಡಿದ್ರೆ ಬಟ್ಟೆಯ ಎಳೆ ಎಲ್ಲೂ ಹೊರಗೆ ಕಾಣಲ್ಲ, ಒಳಗೆ ಹಾಕಿದ ಹಿಟ್ಟು ಧಾನ್ಯ ಸಂದಿಯಲ್ಲಿ ಸಿಕ್ಕೊಳ್ಳಲ್ಲ. ದಾರಕ್ಕೆ ಜೇನುಮೇಣ ಸವರ್ಕೊಂಡ್ರೆ ಸಿಕ್ಕಾಗಲ್ಲ, ಗಟ್ಟಿನೂ ಇರುತ್ತೆ. ಹಸುಬೆ ಹರಿಯೋದು ಯಾವಾಗಲೂ ಬಾಯಿಯ ಎರಡು ಮೂಲೆಯಲ್ಲಿ, ಅಲ್ಲಿ ಎಲ್ಲಾ ಭಾರ ಬಂದು ಎಳೆಯುತ್ತೆ. ಅಲ್ಲಿ ಒಳಗಡೆಯಿಂದ ಎರಡು ಬೆರಳು ಅಗಲದ ತೇಪೆ ಹಾಕಿ, ಮೂಲೆಗೆ ಒತ್ತೊತ್ತಾಗಿ ಕಾಜ ಹೊಲಿಗೆ ಹಾಕಿದೆ. ಅಂಗಿ ಗುಂಡಿಗೆ ಹಾಕೋ ಅದೇ ಕಾಜ. ಬಾಯಿಯ ಅಂಚಿಗೂ ಪೂರ್ತಿ ಸುತ್ತ ಅದನ್ನೇ ಹಾಕೋಕೆ ತಾಳ್ಮೆ ಇದ್ರೆ ಹಾಕಿ, ನಾನು ಹಾಕಿದೆ, ಈಗ ಮೂಲೆ ಹಿಡಿದು ಜೋರಾಗಿ ಜಗ್ಗಿದ್ರೂ ಒಂದೆಳೆ ಅಲ್ಲಾಡಲ್ಲ.

ಹಿಂದಿನ ಅರ್ಧದ ಒಳಗೆ ಒಂದು ಸಣ್ಣ ಒಳಜೇಬು ಇಟ್ಟೆ, ಬಾಯಿ ಕಟ್ಟೋಕೆ ಲಾಡಿ. ಮೊಬೈಲ್, ಗಾಡಿ ಕೀ, ಓಆರ್‌ಎಸ್ ಪಾಕೆಟ್, ಬ್ಯಾಂಡೇಜು, ದುಡ್ಡು ಎಲ್ಲ ಅಲ್ಲಿ. ಯಾರಿಗಾದ್ರೂ ಉಸಿರಾಟದ ಪಂಪ್ ಬೇಕಾಗೋದಿದ್ರೆ ಅದು ಮಾತ್ರ ಸೊಂಟದಲ್ಲೇ ಇರಬೇಕು, ಹಸುಬೆ ಒಳಗೆ ಬೇಡ, ಇದರಲ್ಲಿ ಯಾವ ರಿಯಾಯಿತಿನೂ ಇಲ್ಲ ಅಂತ ಎಲ್ಲರಿಗೂ ಹೇಳಿದೀವಿ. ಮುಂದಿನ ಅರ್ಧದಲ್ಲಿ ಬುತ್ತಿ. ರಾಗಿ ಹುರಿಹಿಟ್ಟು ಒಂದು ಬಟ್ಟೆ ಗಂಟಲ್ಲಿ, ಬೆಲ್ಲ ಇನ್ನೊಂದರಲ್ಲಿ, ಹುರಿಗಡಲೆ, ಎರಡು ಈರುಳ್ಳಿ, ಒಂದು ಕಂಚಿನ ಬಟ್ಟಲು. ಒಲೆ ಹಚ್ಚದೇ ನೀರು ಬೆಲ್ಲ ಕಲಸಿ ತಿನ್ನಬಹುದು, ಹೊಟ್ಟೆ ಗಟ್ಟಿ ಇರುತ್ತೆ. ಟೊಮೆಟೊ ಆಲೂಗಡ್ಡೆ ಯಾರೂ ತರಬಾರದು ಅಂತ ನಮ್ಮಲ್ಲಿ ಮಾತಿದೆ, ಆ ಕಾಲದ ಸಿಪಾಯಿಯ ಬುತ್ತಿಗೆ ಅವು ಸೇರಲ್ಲ. ಹಸುಬೆ ಪೂರ್ತಿ ತುಂಬಿದ್ರೆ 3 ಕೆಜಿ ಒಳಗೆ ಇದೆ.

ಕಂಬಳಿ ಮಾತ್ರ ಮಾಡೋಕೆ ಹೋಗ್ಲಿಲ್ಲ, ಶಿರಾ ಕಡೆಯಿಂದ ನೇಯ್ದವರ ಹತ್ರನೇ ತಂದಿದ್ದು. ಕರಿ ಕುರಿ ಉಣ್ಣೆ, ಹುಣಸೆ ಬೀಜದ ಗಂಜಿ ಹಾಕಿ ನೇಯ್ದಿರೋದು. ಆ ಗಂಜಿಯಿಂದ ಹೊಸದು ತಟ್ಟಿ ಹಂಗೆ ಬಿಗಿ ಇರುತ್ತೆ. ನಂದು 1.9 ಕೆಜಿ ತೂಗುತ್ತೆ. ಇದನ್ನ ಸುರುಳಿ ಸುತ್ತಿ ಅಡ್ಡ ಹಾಕ್ಕೊಳೋದು ಎಲ್ಲರ ಮೊದಲ ಯೋಚನೆ, ಫೋಟೋಗೂ ಚೆನ್ನಾಗಿ ಬರುತ್ತೆ, ಆದ್ರೆ ನಮ್ಮ ಸೀಮೆ ಬಿಸಿಲಲ್ಲಿ ಎದೆಗೆ ಅಡ್ಡಲಾಗಿ ಉಣ್ಣೆ ಸುರುಳಿ ಕಟ್ಕೊಂಡ್ರೆ ಹನ್ನೊಂದು ಗಂಟೆಗೆಲ್ಲ ಅಂಗಿ ಬೆವರಲ್ಲಿ ಅಂಟಿರುತ್ತೆ. ನಂಗೆ ಒಪ್ಪಿಗೆಯಾದ ದಾರಿ ಬೇರೆ. ಕಂಬಳಿಯನ್ನ ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಎಡ ಹೆಗಲ ಮೇಲೆ ಹಾಕ್ಕೊಳೋದು, ಅದರ ಮೇಲೆ ಹಸುಬೆ. ಕಂಬಳಿನೇ ಹೆಗಲಿಗೆ ಮೆತ್ತೆ ಆಗುತ್ತೆ, ಹಸುಬೆ ಜಾರಲ್ಲ, ಉಣ್ಣೆ ಒರಟು ಹಿಡ್ಕೊಳುತ್ತೆ. ಮಳೆ ಬಂತು ಅಂದ್ರೆ ಹಸುಬೆ ಎತ್ತಿ ಕಂಬಳಿ ಬಿಚ್ಚಿ ತಲೆ ಮೇಲಿಂದ ಕೊಪ್ಪೆ ಹಾಕ್ಕೊಂಡು ಅದರೊಳಗೆ ಹಸುಬೆ. ಅಕ್ಟೋಬರ್‌ನಲ್ಲಿ ನಂದಿ ಸುತ್ತ ಮಧ್ಯಾಹ್ನ ಮೇಲೆ ಮಳೆ ಯಾವಾಗ ಬರುತ್ತೋ ಗೊತ್ತಾಗಲ್ಲ, ಹಾಗಾಗಿ ಕೊಪ್ಪೆಗೆ ಕೈಗೆಟುಕೋ ಹಾಗೆ ಕಂಬಳಿ ಇರೋದು ಮುಖ್ಯ. ಚೆನ್ನಾಗಿ ನೆನೆದ್ರೆ ಭಾರ ಮಾತ್ರ ವಿಪರೀತ ಆಗುತ್ತೆ, ಆಗ ಅದನ್ನ ಹೊರೋದು ಬೇಡ, ಪಾಳೆಯಕ್ಕೆ ವಾಪಸ್ ಕಳಿಸಿ.

ಎಡ ಹೆಗಲೇ ಯಾಕೆ ಅಂದ್ರೆ ಬಂದೂಕಿನ ಹಿಡಿ ಬಂದು ಕೂರೋದು ಬಲ ಹೆಗಲ ಮೇಲೆ. ಅಲ್ಲಿ ಏನೂ ಇರಬಾರದು, ಒಂದು ಪಟ್ಟಿ ಕೂಡ. ಎಡಗೈಯವರು ಎಲ್ಲ ತಿರುಗಿಸಿಕೊಳ್ಳಿ.

ನೀರಿಗೆ ಸೋರೆ ಬುರುಡೆ. ಬಳ್ಳಿಯಲ್ಲೇ ಬಲಿತು ಒಣಗಿದ ಸೋರೆ ತಗೊಂಡು ತೊಟ್ಟಿನ ಕಡೆ ತೂತು ಮಾಡಿ, ಕಡ್ಡಿ ಹಾಕಿ ಒಳಗಿನ ತಿರುಳು ಬೀಜ ಕೆರೆದು, ಸಣ್ಣ ಕಲ್ಲು ಮರಳು ನೀರು ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ತೊಳೆದು, ದಿನಾ ನೀರು ಬದಲಾಯಿಸ್ತಾ ನೆನೆಹಾಕಬೇಕು. ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳ್ತೀನಿ: ನೆನೆಸಿದ ನೀರನ್ನ ನಾಲಿಗೆ ತುದಿಗೆ ಮುಟ್ಟಿಸಿ ಉಗಿದು ನೋಡಿ, ಕಹಿ ಇದ್ರೆ ಆ ಬುರುಡೆಯಲ್ಲಿ ಕುಡಿಯೋ ನೀರು ಬೇಡವೇ ಬೇಡ. ಸೋರೆಯ ಕಹಿ ವಿಷ, ವಾಂತಿ ಭೇದಿ ಹಿಡಿದು ಆಸ್ಪತ್ರೆಗೆ ಹೋದವರಿದ್ದಾರೆ. ಕಹಿ ಇಲ್ಲದ್ದು ಸಿಕ್ಕಿದ್ರೆ ಚೆನ್ನಾಗಿ ಒಣಗಿಸಿ, ಜೇನುಮೇಣ ಕರಗಿಸಿ ಒಳಗೆ ಸುರಿದು, ಬಿಸಿ ಇರೋವಾಗಲೇ ಎಲ್ಲಾ ಕಡೆ ತಿರುಗಿಸಿ ಉಳಿದದ್ದು ಬಗ್ಗಿಸಿಬಿಡೋದು. ಮರದ ಬಿರಡೆ ಕೆತ್ತಿ, ಹೊರಗಡೆ ಹುರಿಯಲ್ಲಿ ನೆಲುವಿನ ಥರ ಬಲೆ ಹೆಣೆದು ಎಡ ಸೊಂಟದ ಕಡೆ ನೇತುಹಾಕಿದೆ. ಒಂದೂವರೆ ಲೀಟರ್ ಹಿಡಿಯುತ್ತೆ. ಬಿಸಿಲಿಗೆ ಇದು ಸಾಲಲ್ಲ, ಅದಕ್ಕೆ ಪಾಳೆಯದಲ್ಲಿ ಮಣ್ಣಿನ ಹೂಜಿ ಇಟ್ಟು ತುಂಬಿಸ್ಕೊಳೋದು.

ಇನ್ನು ಗೆಳೆಯನ ತೋಟಾ ಪೆಟ್ಟಿಗೆ. ನಂಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಬಂದೂಕಿನ ತೋಟಾ ಅಂದ್ರೆ ಆಗ ಕಾಗದದ ಕೊಳವೆ, ಅದರಲ್ಲಿ ಮದ್ದು ಮತ್ತು ಒಂದು ಸೀಸದ ಗುಂಡು. ಅದು ಮುರುಟಬಾರದು, ನೆನೆಯಬಾರದು, ಬಲಗೈ ಹಿಂದೆ ಹಾಕಿದ ಕೂಡಲೇ ಒಂದೊಂದೇ ಕೈಗೆ ಬರಬೇಕು. ಅದಕ್ಕೇ ಚರ್ಮದ ಪೆಟ್ಟಿಗೆ, ಒಳಗೆ ತೂತು ಕೊರೆದ ಮರದ ತುಂಡು, ಮೇಲೆ ದೊಡ್ಡ ಮುಚ್ಚಳ. ಮರಕ್ಕೆ ಹಾಲೆ ಮರ ತಗೊಂಡೆ, ಚನ್ನಪಟ್ಟಣದ ಬೊಂಬೆಗೆ ಬಳಸ್ತಾರಲ್ಲ ಅದೇ, ಹಗುರ, ಸಿಗುರು ಏಳಲ್ಲ. ತುಂಡು ಉದ್ದ 215, ಅಗಲ 85, ಎತ್ತರ 85 ಮಿಲಿಮೀಟರ್. ಎಂಟರಂತೆ ಮೂರು ಸಾಲು, 24 ತೂತು, ಒಂದೊಂದು 22 ಮಿಲಿಮೀಟರ್ ಅಗಲ, 70 ಆಳ. ತೂತು ಎಲ್ಲ ಕೊರೆದ ಮೇಲೇ ಸೊಂಟಕ್ಕೆ ಕೂರೋ ಬಾಗು ಕತ್ತರಿಸಬೇಕು. ಚೌಕ ಇರೋವಾಗ ತುಂಡು ಮೇಜಿನ ಮೇಲೆ ಅಲ್ಲಾಡದೆ ಕೂರುತ್ತೆ, ಬಿಟ್ ನೆಟ್ಟಗೆ ಇಳಿಯುತ್ತೆ, ಎರಡು ತೂತಿನ ಮಧ್ಯದ ಗೋಡೆ ನಾಲ್ಕೇ ಮಿಲಿಮೀಟರ್ ಇರೋದ್ರಿಂದ ಸ್ವಲ್ಪ ಓರೆ ಹೋದ್ರೂ ಒಡೆಯುತ್ತೆ. ಬಡಗಿ ಅಂಗಡಿಯ ನಿಂತ ಡ್ರಿಲ್ ಮೆಷಿನ್‌ನಲ್ಲಿ ಕೊರೆದಿದ್ದು.

ತೋಟಾ ಡಮ್ಮಿ ಮಾಡೋಕೆ ಕೋಲಿಗೆ ಕಂದು ಕಾಗದ ಸುತ್ತಿ, ತುದಿಗೆ ದಾರ ಕಟ್ಟಿ, ಗುಂಡಿನ ಬದಲು ಮೆಕ್ಯಾನಿಕ್ ಹತ್ರ ಸಿಗೋ ಹಳೇ ಬೇರಿಂಗ್ ಗುಂಡು, ಮದ್ದಿನ ಬದಲು ರಾಗಿ. ನಿಜವಾದ ಸೀಸದ ಗುಂಡು 30 ಗ್ರಾಂ ಮೇಲೆ ಬರುತ್ತೆ, ಬೇರಿಂಗ್ 22 ಇದೆ, ಅಷ್ಟು ವ್ಯತ್ಯಾಸ ಪರವಾಗಿಲ್ಲ. ಸೀಸ ಕೈಯಲ್ಲಿ ಮುಟ್ಟಿ ಅದೇ ಕೈಯಲ್ಲಿ ಹುರಿಹಿಟ್ಟು ತಿನ್ನೋದು ಬೇಡ.

ಚರ್ಮದ ವಿಷಯಕ್ಕೆ ನಮ್ಮೂರ ಸಂತೆ ಹತ್ರ ಚಪ್ಪಲಿ ಹೊಲಿಯೋ ಅಣ್ಣನ ಹತ್ರ ಹೋದೆ. ತೊಗಟೆಯಲ್ಲಿ ಹದ ಮಾಡಿದ ಚರ್ಮ ಬೇಕು ಅಂದೆ. "ಈಗ ಬರೋದೆಲ್ಲ ಕೆಮಿಕಲ್ಲು ಕಣಪ್ಪ, ತಂಗಡಿ ಚಕ್ಕೆಯಲ್ಲಿ ಹದ ಮಾಡಿದ್ದು ಕೇಳೋರೇ ಇಲ್ಲ" ಅಂದ್ರು, ಆದ್ರೂ ಒಳಗೆ ಹೋಗಿ ಮೂರು ತುಂಡು ತಂದು ಮುಂದೆ ಹಾಕಿದ್ರು. ನಾನು ಮನೆಯಿಂದ ಸಣ್ಣ ಶೀಶೆಯಲ್ಲಿ ಕಬ್ಬಿಣದ ರಸ ತಂದಿದ್ದೆ. ಹಳೇ ಮೊಳೆ, ತುಕ್ಕು ಹಿಡಿದ ತಂತಿ, ಬೆಲ್ಲ, ನೀರು ಮಡಕೆಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಎರಡು ಮೂರು ವಾರ ಬಿಟ್ರೆ ಹುಳಿ ವಾಸನೆ ಬಂದು ನೊರೆ ಕಟ್ಟುತ್ತೆ, ಅದೇ ರಸ. ಕಲಂಕಾರಿ ಮಾಡೋರು ಕಪ್ಪು ಬಣ್ಣಕ್ಕೆ ಬಳಸೋದು ಇದನ್ನೇ. ಮೂರೂ ತುಂಡಿಗೆ ಒಂದೊಂದು ತೊಟ್ಟು ಹಾಕಿದೆ. ಎರಡು ತುಂಡು ಹಾಗೇ ಇದ್ವು, ಬರೀ ಒದ್ದೆ. ಮೂರನೇದರಲ್ಲಿ ತೊಟ್ಟು ಬಿದ್ದ ಜಾಗ ಮೊದಲು ಬೂದು, ಆಮೇಲೆ ನೀಲಿ ಕಪ್ಪು, ಕಣ್ಣ ಮುಂದೆನೇ ಅಂಚಿನಿಂದ ಒಳಕ್ಕೆ ಕಪ್ಪಾಗ್ತಾ ಹೋಯ್ತು. ತೊಗಟೆಯ ಒಗರು ಚರ್ಮದಲ್ಲಿ ಇದ್ರೆ ಮಾತ್ರ ಕಬ್ಬಿಣ ಹಿಡಿಯೋದು. ಅಣ್ಣ ಬಗ್ಗಿ ನೋಡಿ "ಇದು ನಮ್ಮಪ್ಪ ಮಾಡೋರು ಕಣೋ" ಅಂತ ಆ ತುಂಡನ್ನ ಎತ್ತಿ ಮೂಸಿ ನನ್ನ ಕೈಗೆ ಕೊಟ್ರು. 3 ಮಿಲಿಮೀಟರ್ ದಪ್ಪ, ಎಮ್ಮೆ ಚರ್ಮ.

ಹೊಲಿಗೆಗೆ ಮೊದಲು ಉಳಿಯಲ್ಲಿ ಒಂದೇ ಅಂತರಕ್ಕೆ ತೂತು, ಆಮೇಲೆ ಒಂದೇ ದಾರದ ಎರಡು ತುದಿಗೆ ಎರಡು ದಬ್ಬಳ, ಒಂದೇ ತೂತಿಗೆ ಆ ಕಡೆಯಿಂದ ಈ ಕಡೆಯಿಂದ ಎರಡೂ ಹಾಯಿಸಿ ಎಳೆಯೋದು. ಇದು ನಿಧಾನ, ಆದ್ರೆ ಒಂದು ಕಡೆ ದಾರ ಸವೆದು ಹರಿದ್ರೂ ಹೊಲಿಗೆ ಬಿಚ್ಚಲ್ಲ. ಮುಚ್ಚಳ ಪೆಟ್ಟಿಗೆಯ ಮೂರೂ ಕಡೆ ಎರಡೆರಡು ಬೆರಳು ಹೊರಗೆ ಚಾಚಬೇಕು, ಮಳೆ ನೀರು ಒಳಗೆ ಇಳಿಯಬಾರದು. ಹೊಲಿದಾದ ಮೇಲೆ ಪೂರ್ತಿ ಪೆಟ್ಟಿಗೆಗೆ ರಸ ಹಚ್ಚಿ ಕಪ್ಪು ಮಾಡಿ, ಅಡುಗೆ ಸೋಡಾ ಕದಡಿದ ನೀರಲ್ಲಿ ಒರೆಸಿ ಹುಳಿ ತೆಗೆದು, ನೆರಳಲ್ಲಿ ಒಣಗಿಸಿ, ಕೊಬ್ಬರಿ ಎಣ್ಣೆಗೆ ಜೇನುಮೇಣ ಕರಗಿಸಿ ಬೆಚ್ಚಗೆ ಇರೋವಾಗ ತಿಕ್ಕಿದೆ. ಸೋಡಾ ನೀರು ಬಿಟ್ರೆ ಹುಳಿ ಚರ್ಮದಲ್ಲೇ ಉಳಿದು ಅಂಗಿಗೂ ಕಪ್ಪು ಹತ್ತುತ್ತೆ. ತುಂಬಿದ ಪೆಟ್ಟಿಗೆ, ಪಟ್ಟಿ ಎಲ್ಲ ಸೇರಿ ಹತ್ತಿರತ್ರ 2 ಕೆಜಿ.

ಆಮೇಲೆ ಹೊತ್ಕೊಂಡು ನೋಡೋದು. ಬಂದೂಕು ಮನೆಯಲ್ಲಿಟ್ಟು ಉಳಿದದ್ದೆಲ್ಲ ಹಾಕ್ಕೊಂಡು ಇಬ್ಬರೂ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟದ ಹಳೇ ಮೆಟ್ಟಿಲು ಹತ್ತಿದ್ವಿ. ಸಾವಿರಕ್ಕೂ ಮಿಕ್ಕಿ ಮೆಟ್ಟಿಲು, ಎತ್ತರ ಒಂದೊಂದೂ ಒಂದೊಂದು ಥರ, ಸಾಮಾನಿನ ಗುಟ್ಟೆಲ್ಲ ಅಲ್ಲೇ ಹೊರಗೆ ಬರುತ್ತೆ. ಹಸುಬೆ ಹತ್ತೋವಾಗ ಬಂಗಾರ, ಮುಂದೆ ಹಿಂದೆ ಸಮ ಇರೋದ್ರಿಂದ ಮೈ ತೂಗಲ್ಲ. ಇಳಿಯೋವಾಗ, ಅದರಲ್ಲೂ ಓಡಿ ಇಳಿಯೋವಾಗ ಮುಂದಿನ ಅರ್ಧ ಎಗರಿ ಎಗರಿ ಹೊಟ್ಟೆಗೆ ಬಡಿಯುತ್ತೆ. ಅದಕ್ಕೆ ಸೊಂಟಕ್ಕೆ ದಟ್ಟಿಯನ್ನ ಹಸುಬೆಯ ಮೇಲಿಂದ ಸುತ್ತಿ ಬಿಗಿದೆ, ಅಲ್ಲಿಗೆ ಕುಣಿತ ನಿಂತಿದ್ದಷ್ಟೇ ಅಲ್ಲ, ಭಾರದ ಒಂದು ಪಾಲು ಹೆಗಲಿಂದ ಸೊಂಟಕ್ಕೆ ಇಳೀತು. ದಟ್ಟಿ ಹತ್ತಿದು ನಾಲ್ಕು ಗಜ, ಗಾಯ ಆದ್ರೆ ಕಟ್ಟೋಕೂ ಆಗುತ್ತೆ, ಬೆವರು ಒರೆಸೋಕೂ ಆಗುತ್ತೆ, ಈಗ ನಮ್ಮಲ್ಲಿ ಕಂಪನಿ ಕಡೆಯವರು ಬಿಟ್ಟು ಉಳಿದವರೆಲ್ಲ ಹಾಕ್ತಿದಾರೆ.

ತೋಟಾ ಪೆಟ್ಟಿಗೆ ಬಲ ಸೊಂಟದ ಹಿಂಭಾಗಕ್ಕೆ ಬರಬೇಕು, ಪಟ್ಟಿ ಎಡ ಹೆಗಲಿಂದ ಅಡ್ಡ. ಗೆಳೆಯ ಮೊದಲು ಪಟ್ಟಿ ಉದ್ದ ಬಿಟ್ಕೊಂಡಿದ್ದ, ತೊಡೆ ಮೇಲೆ ಜೋತಾಡ್ತಾ ಇತ್ತು, ಹೆಜ್ಜೆ ಹೆಜ್ಜೆಗೂ ಬಡಿತ. ಮೊಣಕೈ ಮಡಚಿ ಕೈ ಹಿಂದೆ ಹಾಕಿದ್ರೆ ಮುಚ್ಚಳದ ಅಂಚು ಬೆರಳಿಗೆ ಸಿಗೋಷ್ಟು ಎತ್ತರಕ್ಕೆ ಏರಿಸಿದ್ವಿ. ಪಟ್ಟಿಯ ಅಗಲ ಎರಡೂವರೆ ಇಂಚು ಮಾಡಿದ್ದು ಸಾರ್ಥಕ ಅನ್ನಿಸ್ತು, ಕುತ್ತಿಗೆ ಹತ್ರ ಎಲ್ಲೂ ಕೊರೆದಿಲ್ಲ. ಮಂಡಿಯೂರಿ ಕೂತಾಗ ಪೆಟ್ಟಿಗೆ ಹಿಮ್ಮಡಿಗೆ ತಾಗುತ್ತಾ, ಬೋರಲು ಮಲಗಿದಾಗ ಮುಚ್ಚಳ ತೆರೆದು ತೋಟಾ ಚೆಲ್ಲುತ್ತಾ ಅಂತೆಲ್ಲ ನೋಡಿದ್ವಿ. ಚೆಲ್ಲಿದ್ವು. ಮುಚ್ಚಳದ ತುದಿಗೆ ಚರ್ಮದ ನಾಲಿಗೆ, ಪೆಟ್ಟಿಗೆಯ ಕೆಳಗೆ ಹಿತ್ತಾಳೆ ಗುಂಡಿ ಹಾಕಿದ ಮೇಲೆ ಆ ಸಮಸ್ಯೆ ಹೋಯ್ತು. ಅವನು ಕಂಬಳಿ ಸುರುಳಿ ಅಡ್ಡ ಹಾಕ್ಕೊಳೋ ಆಸೆ ಬಿಡಬೇಕಾಯ್ತು, ಅದು ಸರಿಯಾಗಿ ಪೆಟ್ಟಿಗೆ ಮುಚ್ಚಳದ ಮೇಲೇ ಬಂದು ಕೂರುತ್ತೆ, ತೋಟಾ ತೆಗೆಯೋಕೇ ಆಗಲ್ಲ. ಅವನ ಕಂಬಳಿ ಗಾಡಿಗೆ ಹೋಯ್ತು.

ನನ್ನ ಮೈಮೇಲೆ ಈಗ ಬಂದೂಕು ಸೇರಿ ಒಟ್ಟು 12 ಕೆಜಿ ಒಳಗೆ. ಟ್ರೆಕ್ಕಿಂಗ್ ಬ್ಯಾಗ್ ಇದ್ದಾಗ ಬಂದೂಕು ಬಿಟ್ಟೇ ಅಷ್ಟಿತ್ತು.

ಹೊಸದಾಗಿ ಸೇರೋರು ಏನು ಮೊದಲು ಮಾಡ್ಕೊಳ್ಳಿ ಅಂತ ಕೇಳ್ತಾರೆ, ನಾನು ಹೇಳೋದು ಹಸುಬೆ ಮತ್ತು ದಟ್ಟಿ, ಎರಡೂ ಸೇರಿ ಮೂರು ಮೀಟರ್ ಬಟ್ಟೆಗಿಂತ ಸ್ವಲ್ಪ ಜಾಸ್ತಿ ಸಿಕ್ಕಿದ್ರೆ ಹೊಂಚಬಹುದು, ದಟ್ಟಿಯನ್ನ ಸೀಳಿ ಜೋಡಿಸಿ ಉದ್ದ ಮಾಡ್ಕೊಳ್ಳಿ. ಎರಡನ್ನೂ ಯಾವ ಪಾತ್ರಕ್ಕೂ ಎರವಲು ಕೊಡಬಹುದು. ಚರ್ಮದ ಕೆಲಸ ಆಮೇಲೆ, ಕೈ ಕುದುರಿದ ಮೇಲೆ. ಅಣ್ಣನ ಹತ್ರ ಆ ತಂಗಡಿ ಹದದ ಚರ್ಮ ಇನ್ನೂ ಒಂದು ಮಡಿಕೆ ಇದೆ, ಈಗ ಗುಂಪಿನ ಇನ್ನಿಬ್ಬರಿಗೆ ಪೆಟ್ಟಿಗೆ ಬೇಕಂತೆ, ಹಾಲೆ ಮರದ ತುಂಡು ಬಡಗಿ ಅಂಗಡಿಯಲ್ಲಿ ಗುರುತು ಹಾಕಿ ಇಟ್ಟಿದೀನಿ, ಈ ಸಲ ಬೆನ್ನಿನ ಕಡೆಯ ಬಾಗು ಇನ್ನೂ ಸ್ವಲ್ಪ ಆಳ ಮಾಡ್ತೀನಿ, ಸಣಕಲು ಸೊಂಟದವರಿಗೆ ಈಗಿರೋ ಬಾಗು ಸಾಲ್ತಿಲ್ಲ.